ಅಕ್ಕನ ಮಂಚಕ್ಕೆ ಅಡ್ಡವಾದ ಗೋಡೆ

ನಮ್ಮ ಮನೆಗಳನ್ನು ಮೊದಲ ಸಲ ನೋಡಿದವರೆಲ್ಲ ಕೇಳುವುದು ಒಂದೇ ಮಾತು: ಗಾರೆ ಯಾವಾಗ ಮಾಡಿಸ್ತೀರಿ? ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಪಕ್ಕ, ಕಬ್ಬಿನ ಗದ್ದೆಗಳ ನಡುವೆ ಇರುವ ಹಿರಿಯರ ಬಡಾವಣೆ ನಮ್ಮದು. ಒಳಗೂ ಇಟ್ಟಿಗೆ, ಹೊರಗೂ ಇಟ್ಟಿಗೆ, ಮೇಲೆ ಒಂದು ಹಿಡಿ ಸುಣ್ಣವಿಲ್ಲ, ಬಣ್ಣವಿಲ್ಲ. ನಮ್ಮ ಕಡೆ ಗಾರೆ ಕಾಣದ ಗೋಡೆ ಎಂದರೆ ಮನೆ ಕಟ್ಟಿಸಿದವನ ಕೈ ಬರಿದಾಗಿದೆ ಎಂದೇ ಅರ್ಥ. ಬಸ್ಸಿನ ಕಂಡಕ್ಟರ್ ಅಂತೂ "ಅರ್ಧಕ್ಕೆ ನಿಂತ ಮನೆ, ಅರ್ಧಕ್ಕೆ ನಿಂತ ಮನೆ, ಯಾರ್ರೀ ಇಳಿಯೋರು" ಎಂದು ಕೂಗುತ್ತಾನೆ. ಮೊದಮೊದಲು ನನಗೆ ಮೈ ಉರಿಯುತ್ತಿತ್ತು. ಈಗ ಅವನು ಕೂಗುವ ಮೊದಲೇ ಎದ್ದು ಬಾಗಿಲ ಹತ್ತಿರ ನಿಂತಿರುತ್ತೇನೆ.

ನಾನು ಮಂಡ್ಯದಲ್ಲಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು. ನನ್ನ ಮನೆಯವರು ತೀರಿಕೊಂಡ ಮೇಲೆ ಇಲ್ಲಿಗೆ ಬಂದೆ. ಯಾರೂ ತಳ್ಳಿದ್ದಲ್ಲ, ನಾನೇ ನೋಡಿ, ನಾನೇ ಮೆಚ್ಚಿ ಬಂದದ್ದು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇಂಥ ಜಾಗದಲ್ಲಿ ಇದ್ದೇನೆ ಎಂದ ಕೂಡಲೇ ಎದುರಿನವರ ಮುಖ ಒಂದು ಥರ ಆಗುತ್ತದೆ. ಅಯ್ಯೋ ಪಾಪ ಎನ್ನುವ ಆ ಮುಖ ಕಂಡರೆ ನನಗೆ ಆಗುವುದಿಲ್ಲ.

ಅಕ್ಕನದು ಇನ್ನೂ ಬೇರೆ. ನನಗಿಂತ ತುಂಬ ದೊಡ್ಡವಳು. ಕೆರಗೋಡಿನಲ್ಲಿ ಅವಳಿಗೆ ಗದ್ದೆ, ಮನೆ, ಚಿನ್ನದಂಥ ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಇದ್ದರು. ನಾನು ಇಲ್ಲಿ ಬಂದು ಸೇರಿದ ವರ್ಷವೇ ಸ್ನಾನದ ಮನೆಯಲ್ಲಿ ಜಾರಿ ಬಿದ್ದೆ. ಸುದ್ದಿ ಮುಟ್ಟಿದ ಕೂಡಲೇ ಅಕ್ಕ ಗಂಟು ಕಟ್ಟಿದಳು. ಮಗ ಕೈ ಮುಗಿದು ಬೇಡ ಎಂದನಂತೆ. "ನಿಂಗೆ ಎಡ್ತಿ ಅವ್ಳೆ, ಮಕ್ಳವ್ರೆ. ನನ್ ತಂಗಿ ಒಬ್ಳೇ ಅವ್ಳೆ. ಸುಮ್ಕೆ ಗಾಡಿ ತತ್ತಾ" ಎಂದಳಂತೆ. ಅವನು ಗೊಣಗುತ್ತಲೇ ಗಾಡಿ ತಂದ. ಗಾಡಿಯಲ್ಲಿ ಅಕ್ಕನ ಜೊತೆ ಅವಳ ತೇಗದ ಮಂಚವೂ ಬಂತು.

ಆ ಮಂಚ ಒಳಗೆ ಹೋಗಲಿಲ್ಲ. ಈ ಬರಹಕ್ಕೆಲ್ಲ ಮೂಲ ಅದೇ. ಅದಕ್ಕೆ ಮೊದಲು ಈ ಮನೆಗಳನ್ನು ಕಟ್ಟಿರುವ ರೀತಿಯನ್ನು ಹೇಳಬೇಕು.

ನಾಲ್ಕು ನಾಲ್ಕು ಮನೆಗಳು ಒಂದೊಂದು ಅಂಗಳದ ಸುತ್ತ ಕೂತಿವೆ. ಹಳೆಯ ಕಾಲದ ತೊಟ್ಟಿಮನೆಯನ್ನು ಹಿಗ್ಗಿಸಿ ಹಂಚಿದ ಹಾಗೆ. ಮನೆಗಳ ಬೆನ್ನು ರಸ್ತೆಯ ಕಡೆಗೆ, ಮುಖ ಅಂಗಳದ ಕಡೆಗೆ. ಅಂಗಳದ ನಡುವೆ ಒಂದು ಹೊಂಗೆ ಮರ. ನಕ್ಷೆ ಮಾಡಿದವಳು ಮೈಸೂರಿನ ಒಬ್ಬ ಹುಡುಗಿ. ತುಂಬ ಯೋಚನೆ ಮಾಡಿ ಕಟ್ಟಿಸಿದ್ದಾಳೆ ಎನ್ನುವುದು ಒಳಗೆ ನಾಲ್ಕು ದಿನ ಇದ್ದರೆ ಗೊತ್ತಾಗುತ್ತದೆ. ಗೋಡೆಯ ಮೂಲೆಗಳಲ್ಲಿ ಇಟ್ಟಿಗೆಯನ್ನು ಉಜ್ಜಿ ದುಂಡಗೆ ಮಾಡಿಸಿದ್ದಾಳೆ, ತೂಕ ತಪ್ಪಿ ಒರಗಿದರೆ ಮೊಣಕೈ ತರಚುವುದಿಲ್ಲ. ಎಲ್ಲೂ ಮೆಟ್ಟಿಲಿಲ್ಲ, ನೆಲವೇ ಮೆಲ್ಲಗೆ ಇಳಿಜಾರಾಗುತ್ತದೆ. ಬೇಸಿಗೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತರೆ ಮಡಕೆಯ ನೀರಿನ ತಂಪು. ಮಲಗುವ ಕೋಣೆಯ ಕಿಟಕಿ ನೆಲದಿಂದ ಬರೀ ಮೊಣಕಾಲಿನ ಎತ್ತರದಲ್ಲಿದೆ, ಹಾಸಿಗೆಯಲ್ಲಿ ಮಲಗಿದ್ದವರಿಗೂ ಕಬ್ಬಿನ ಗರಿ, ಆಕಾಶ, ಬೆಳ್ಳೂರಿನ ಕಡೆಯಿಂದ ಹಾರಿ ಬರುವ ಕೊಕ್ಕರೆಗಳು ಕಾಣಲಿ ಎಂದು. ಬಾಗಿಲ ಪಕ್ಕ ಗೋಡೆಯಲ್ಲಿ ಎರಡು ಇಟ್ಟಿಗೆ ಬಿಟ್ಟು ಒಂದು ಗೂಡು ಮಾಡಿದ್ದಾಳೆ. ಅದು ಹೂವಿನ ಕುಂಡಕ್ಕೆ ಅಂತೆ. ಅಕ್ಕ ಬಂದ ದಿನವೇ ಕುಂಡ ತೆಗೆದಿಟ್ಟು ಹಣತೆ ಇಟ್ಟಳು.

ಇಷ್ಟೆಲ್ಲ ಸರಿ. ಆದರೆ ಪ್ರತಿ ಮನೆಗೂ, ಅಂಗಳಕ್ಕೂ ಮುಂಬಾಗಿಲಿಗೂ ನಡುವೆ, ಒಂದು ಅಡ್ಡಗೋಡೆ ಇದೆ. ಆಳೆತ್ತರದ್ದು, ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಜಾಲರಿಯ ಹಾಗೆ ಕಟ್ಟಿದ್ದು. ನಾವೆಲ್ಲ ಅದನ್ನು ತೂತುಗೋಡೆ ಎನ್ನುತ್ತೇವೆ. ಅಂಗಳದಿಂದ ನೇರವಾಗಿ ಮನೆಯೊಳಗೆ ನುಗ್ಗುವಂತಿಲ್ಲ. ಗೋಡೆಯ ಪಕ್ಕಕ್ಕೆ ಹೋಗಿ, ತಗ್ಗಾದ ಒಂದು ಕಮಾನಿನ ಕೆಳಗೆ ತಿರುಗಿ ಬಾಗಿಲು ಸೇರಬೇಕು. ನಡೆದು ಬರುವವರಿಗೆ ತೊಂದರೆಯಿಲ್ಲ. ಗಾಲಿಕುರ್ಚಿಯೂ ತಿರುಗುತ್ತದೆ, ಅಷ್ಟು ಅಳತೆ ಇಟ್ಟಿದ್ದಾರೆ. ಉದ್ದನೆಯದು ಮಾತ್ರ ತಿರುಗುವುದಿಲ್ಲ.

ಅಕ್ಕನ ಮಗ, ಗಾಡಿಯವನು, ಪಕ್ಕದ ಮನೆಯ ಸಾಹೇಬರು ಮೂವರೂ ಸೇರಿ ಮಂಚವನ್ನು ಹಾಗೆ ಹಿಡಿದರು, ಹೀಗೆ ಹಿಡಿದರು. ಓರೆ ಮಾಡಿದರೆ ಗೋಡೆಗೆ ತಾಗಿತು, ನಿಲ್ಲಿಸಿದರೆ ಕಮಾನಿಗೆ ತಾಗಿತು. ಹಿಂಬಾಗಿಲಿನಿಂದ ತರೋಣ ಎಂದರೆ ಅಕ್ಕ ಒಪ್ಪಲಿಲ್ಲ. ಹಿಂಬಾಗಿಲಿನ ಆಚೆ ಓಣಿ ಇದೆ, ಓಣಿ ಅಡುಗೆಮನೆಯ ಗೇಟಿಗೆ ಹೋಗುತ್ತದೆ. ತರಕಾರಿ, ಗ್ಯಾಸ್ ಸಿಲಿಂಡರ್ ಬರುವುದು, ಕಸ ಹೋಗುವುದು ಅಲ್ಲಿಂದ. "ನಮ್ಮವ್ವ ಕೊಟ್ ಮಂಚ. ಕಸದ್ ದಾರೀಲಿ ತರ್ಬ್ಯಾಡಿ" ಎಂದುಬಿಟ್ಟಳು. ಸಾಹೇಬರು ಮಂಡ್ಯದಲ್ಲಿ ಲಾರಿ ರಿಪೇರಿ ಮಾಡಿಕೊಂಡಿದ್ದವರು. ಸ್ಪಾನರ್ ತಂದು ಮಂಚವನ್ನು ಅಂಗಳದಲ್ಲೇ ಬಿಚ್ಚಿ, ತುಂಡುತುಂಡಾಗಿ ಒಳಗೆ ಸಾಗಿಸಿ, ಮತ್ತೆ ಜೋಡಿಸಿಕೊಟ್ಟರು.

ಅಕ್ಕ ಅಷ್ಟು ಹೊತ್ತೂ ಹೊಂಗೆ ಮರದ ಕೆಳಗೆ ಕೂತು ನೋಡುತ್ತಿದ್ದಳು. ಮಂಚದ ಮೇಲೆ ಹಾಸಿಗೆ ಹಾಸಿ ಕರೆದಾಗ ಒಳಗೆ ಬಂದು ಕೂತಳು. ಮಂಚದ ಅಂಚನ್ನು ಕೈಯಿಂದ ಸವರಿದಳು. ಆಮೇಲೆ ನನ್ನನ್ನು ಕೇಳಿದಳು, "ಮಂಚ ಒಳಿಕ್ ಬರಕ್ಕಾಗ್ದಿದ್ ಮ್ಯಾಲೆ ನಾನ್ ಎಂಗೆ ಕಣೆ ಆಚಿಕ್ ಓಗದು?"

"ನಡಕಂಡು ಹೋಗ್ತೀಯ" ಎಂದೆ. ಅರ್ಥವಾಗದ ಹಾಗೆ ನಟಿಸಿದೆ. 

ಅವಳು ಕೇಳಿದ್ದು ಏನೆಂದು ಇಬ್ಬರಿಗೂ ಗೊತ್ತಿತ್ತು. ನಮ್ಮ ಮನೆತನದಲ್ಲಿ ಸತ್ತವರನ್ನು ಕೂರಿಸುವುದಿಲ್ಲ, ಮಲಗಿಸಿಯೇ ಸಾಗಿಸುವುದು. ಮನೆಯ ಮುಂಬಾಗಿಲಿನಿಂದ ಹೊರಗೆ ತಂದು, ಬಾಗಿಲ ಮುಂದೆ ಇಟ್ಟು, ಜನ ನೋಡಿದ ಮೇಲೆ ಹೊರಡುವುದು. ಉಸಿರು ಹೋದ ಜಾಗದಲ್ಲಿ, ತಲೆ ಇದ್ದ ಕಡೆ, ಒಂದು ದೀಪ ಹಚ್ಚಿಡುವುದು. ಮಣ್ಣು ಮಾಡಿ ಬಂದವರು ಆ ದೀಪವನ್ನು ನೋಡಿ ತಮ್ಮ ತಮ್ಮ ಮನೆಗೆ ಹೋಗುವುದು. ಹೋಗುವಾಗ ಹೋಗಿ ಬರ್ತೀನಿ ಎನ್ನುವಂತಿಲ್ಲ, ಸುಮ್ಮನೆ ಎದ್ದು ಹೋಗಬೇಕು. ಎಷ್ಟೋ ಮನೆಗಳಲ್ಲಿ ಹಾಗೆ ಎದ್ದು ಬಂದಿದ್ದೇನೆ. ಅದೊಂದು ವಿಶೇಷ ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ.

ಇಲ್ಲಿ ಬೇರೆ ಪದ್ಧತಿ ಎಂದು ತಿಳಿದದ್ದು ಆ ಚಳಿಗಾಲದಲ್ಲಿ. ನಮ್ಮ ಅಂಗಳದ ನಾಲ್ಕನೆಯ ಮನೆಯಲ್ಲಿ ಒಬ್ಬರಿದ್ದರು, ದಿನವೂ ಊಟದ ಮನೆಯಲ್ಲಿ ನಮ್ಮ ಮೇಜಿಗೇ ಕೂರುತ್ತಿದ್ದರು. ಒಂದು ಮಧ್ಯಾಹ್ನ ಬರಲಿಲ್ಲ. ಹುಷಾರಿಲ್ಲವೇನೋ ಎಂದುಕೊಂಡು ನಾವು ಮಜ್ಜಿಗೆ ಅನ್ನ ಮುಗಿಸಿ ಎದ್ದೆವು. ಹೋಗಿ ನೋಡಿದರೆ ಬಾಗಿಲಿಗೆ ಬೀಗ. ನಾವು ಉಣ್ಣುತ್ತಿದ್ದಾಗಲೇ ಓಣಿಯಿಂದ ಅಡುಗೆ ಗೇಟಿಗೆ ವ್ಯಾನು ಬಂದು, ತೀರಿಕೊಂಡ ಅವರನ್ನು ಊರಿಗೆ ಸಾಗಿಸಿಯಾಗಿತ್ತು. ಮ್ಯಾನೇಜರು ಒಳ್ಳೆಯ ಮನುಷ್ಯ, ಕೆಟ್ಟದ್ದು ಮಾಡಬೇಕೆಂದು ಮಾಡಿದ್ದಲ್ಲ. "ನೋಡಿದ್ರೆ ನಿಮ್ಗೆಲ್ಲ ಬೇಜಾರಾಗುತ್ತೆ ಅಂತ" ಎಂದರು. ಸಾಯಂಕಾಲ ಅಂಗಳದಲ್ಲಿ ಎಲ್ಲರೂ ಎಂದಿನ ಹಾಗೆ ಕೂತೆವು. ಯಾರೂ ಆ ಬೀಗ ಬಿದ್ದ ಮನೆಯ ಕಡೆ ನೋಡಲಿಲ್ಲ.

ಅಕ್ಕ ಮಾತ್ರ ನೋಡುತ್ತಲೇ ಇದ್ದಳು. "ಒಂದು ದೀಪ ಇಲ್ವಲ್ಲೇ" ಎಂದಳು. "ನೆನ್ನೆ ನಮ್ ಜೊತೆ ಉಂಡೋರು ಕಣೆ."

ಅಂದಿನಿಂದ ಅವಳಿಗೆ ಆ ತೂತುಗೋಡೆ ಕಣ್ಣು ಚುಚ್ಚತೊಡಗಿತು. ಬೇರೆ ಏನನ್ನೂ ದೂರಲಿಲ್ಲ. ಊಟ ಸಪ್ಪೆ ಎನ್ನಲಿಲ್ಲ, ಊರು ದೂರ ಎನ್ನಲಿಲ್ಲ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವಾಗ, ರಂಗೋಲಿಯ ಮುಂದೆ ನಿಂತ ಆ ಗೋಡೆಯನ್ನು ಒಮ್ಮೆ ದುರುಗುಟ್ಟಿ ನೋಡುತ್ತಿದ್ದಳು, ಅಷ್ಟೆ.

ನಕ್ಷೆ ಮಾಡಿದ ಹುಡುಗಿ ಆಗಾಗ ಬರುತ್ತಿದ್ದಳು. ಎಲ್ಲಿ ನೀರು ಸೋರುತ್ತದೆ, ಎಲ್ಲಿ ಇಟ್ಟಿಗೆ ಉದುರುತ್ತದೆ ಎಂದು ನೋಡುವುದು, ಮನೆಮನೆಗೆ ಹೋಗಿ ಹೇಗಿದೆ ಎಂದು ಕೇಳುವುದು. ಕಟ್ಟಿ ಕೈ ತೊಳೆದುಕೊಳ್ಳುವ ಜಾತಿಯವಳಲ್ಲ. ಒಂದು ದಿನ ನಮ್ಮ ಮನೆಗೂ ಬಂದಳು. ಅಕ್ಕ ಅವಳನ್ನು ಮಂಚದ ಮೇಲೆ ಕೂರಿಸಿ, ಬೆಲ್ಲದ ಕಾಫಿ ಕೊಟ್ಟು, ಕಿಟಕಿಯನ್ನು ಹೊಗಳಿದಳು. ದುಂಡು ಮೂಲೆಯನ್ನು ಹೊಗಳಿದಳು. ಹುಡುಗಿಯ ಮುಖ ಅರಳಿತು. ಆಮೇಲೆ ಅಕ್ಕ ತೂತುಗೋಡೆ ಯಾಕೆ ಎಂದು ಕೇಳಿದಳು.

ಹುಡುಗಿ ಉತ್ಸಾಹದಿಂದಲೇ ಹೇಳಿದಳು. ಅವಳ ಅಜ್ಜಿ ಕೊನೆಗಾಲದಲ್ಲಿ ಬೀದಿಗೆ ತೆರೆದ ಮನೆಯಲ್ಲಿ ಮಲಗಿದ್ದರಂತೆ. ಬಾಗಿಲು ತೆಗೆದರೆ ದಾರಿಯಲ್ಲಿ ಹೋಗುವವರೆಲ್ಲ ಇಣುಕುತ್ತಿದ್ದರಂತೆ. ಅಜ್ಜಿ ಸೆರಗು ಎಳೆದುಕೊಳ್ಳಲು ಕೈಯಲ್ಲಿ ಶಕ್ತಿಯಿಲ್ಲದೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರಂತೆ. "ಅದಕ್ಕೇ ಅಜ್ಜಿ, ಇಲ್ಲಿ ಬಾಗಿಲು ತೆಗೆದಿಟ್ಟುಕೊಂಡು ಮಲಗಿದ್ರೂ ಯಾರಿಗೂ ಕಾಣಬಾರದು, ಗಾಳಿ ಮಾತ್ರ ಬರಬೇಕು ಅಂತ ಆ ಗೋಡೆ ಕಟ್ಟಿಸಿದೆ."

ಕೇಳಿ ನನಗೇ ಆ ಗೋಡೆಯ ಮೇಲಿನ ಸಿಟ್ಟು ಇಳಿಯಿತು. ಅಕ್ಕ ಹುಡುಗಿಯ ಕೈ ಹಿಡಿದುಕೊಂಡಳು.

"ಒಳ್ಳೇ ಮನ್ಸು ಕಣ್ ಮಗ ನಿಂದು. ಮನಿಕ್ಕಂಡಿರೋರು ಕಿಟಕೀಲಿ ನೋಡ್ಲಿ ಅಂತ ಯೋಚ್ನೆ ಮಾಡಿದೀಯ. ಮನಿಕ್ಕಂಡಿರೋರ್ನ ಯಾರೂ ನೋಡ್ಬಾರ್ದು ಅಂತ ಯೋಚ್ನೆ ಮಾಡಿದೀಯ. ಮನಿಕ್ಕಂಡಿರೋರು ಒಂದಿನ ಆಚಿಕ್ ಓಗ್ಬೇಕಲ್ಲವ್ವ, ಅದ್ನ ಯೋಚ್ನೆ ಮಾಡ್ನಿಲ್ವಲ್ಲ."

ಹುಡುಗಿ ಕಾಫಿ ಲೋಟ ಕೆಳಗಿಟ್ಟಳು. ಎದ್ದು ಬಾಗಿಲಲ್ಲಿ ನಿಂತು ತಿರುವನ್ನು ನೋಡಿದಳು. ಕೈಯಲ್ಲಿ ಅಳತೆ ಟೇಪು ಇತ್ತು, ಅದನ್ನು ಬಿಚ್ಚಲಿಲ್ಲ. ಬಿಚ್ಚುವ ಅಗತ್ಯ ಅವಳಿಗೆ ಇರಲಿಲ್ಲ. ತಿರುಗಿ ಬಂದು, "ತೆಗೆಸೋಣ ಅಜ್ಜಿ" ಎಂದಳು. ಆದರೆ ಗೋಡೆಗಳು ಅಂಗಳಕ್ಕೆ ಸೇರಿದವು. ಎಲ್ಲರೂ ಒಪ್ಪಬೇಕು.

ಎಲ್ಲರೂ ಊಟದ ಮನೆಯಲ್ಲಿ ಸೇರಿದರು. ಹುಡುಗಿ ನಿಧಾನವಾಗಿ, ಸಾವು ಎನ್ನುವ ಮಾತು ಬಳಸದೆ ವಿಷಯ ಹೇಳಿದಳು. ಅದೇನೆಂದು ಎಲ್ಲರಿಗೂ ತಿಳಿಯಿತು. ಮೊದಲು ಎದ್ದವರು ನಮ್ಮ ಎದುರುಮನೆಯ ಯಜಮಾನರು. ಸಕ್ಕರೆ ಕಾರ್ಖಾನೆಯೊಂದರ ಆಫೀಸಿನಲ್ಲಿ ಇದ್ದವರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಬಂದವರು. ಇಸ್ತ್ರಿ ಮಾಡಿದ ಪಂಚೆ, ಅಳೆದು ತೂಗಿದ ಮಾತು. ಅವತ್ತು ಅವರ ದನಿ ನಡುಗಿತು.

"ನಾವು ಇಲ್ಲಿಗೆ ಬದುಕೋಕೆ ಬಂದಿದೀವಿ. ದಿನಾ ಬೆಳಿಗ್ಗೆ ಕಾಫಿ ಹಿಡ್ಕಂಡು ಕೂತ್ರೆ ಎದುರಿಗೆ ಹೆಣ ಹೋಗೋ ದಾರಿ ಕಾಣ್ಬೇಕಾ? ನನ್ನ ಕೈಲಾಗಲ್ಲ. ಬೇಕಾದ್ರೆ ನಾನೇ ಬಿಟ್ಟು ಹೋಗ್ತೀನಿ."

ತಲೆಗಳು ಒಂದೊಂದಾಗಿ ಆಡಿದವು. ಹೌದು, ತೆಗೆಸೋದು ಬೇಡ, ಗೋಡೆ ಇರಲಿ ಬಿಡಿ. ನನಗೆ ತಡೆಯಲಾಗಲಿಲ್ಲ. ಶಾಲೆಯ ದನಿ ಹೊರಗೆ ಬಂತು. ನೀವೆಲ್ಲ ಚಿರಂಜೀವಿಗಳೋ, ನಿಮ್ಮನ್ನೂ ಸಿಲಿಂಡರಿನ ಹಾಗೆ ಹಿಂದಿನಿಂದ ಉರುಳಿಸಿಕೊಂಡು ಹೋಗಲಿ ಎಂದು ಕೂಗಿದೆ. ಅಕ್ಕ ನನ್ನ ಸೆರಗು ಹಿಡಿದು ಎಳೆದಳು. "ಬುಡು. ಎದ್ದೇಳು."

ಮನೆಗೆ ಬರುವಾಗ ಅವಳೇ ನನ್ನನ್ನು ಸಮಾಧಾನ ಮಾಡಿದಳು. "ಅವ್ರಿಗೆ ಭಯ ಅದೆ ಕಣೆ. ಭಯ ಬಿದ್ದೋರ್ ಮ್ಯಾಲೆ ಕೂಗ್ಬಾರ್ದು." ತೂತುಗೋಡೆಯ ಪಕ್ಕದಲ್ಲಿ ತಿರುಗಿ, ಕಮಾನಿನ ಕೆಳಗೆ ಕೈಯಿಟ್ಟು ಒಂದು ನಿಮಿಷ ನಿಂತಳು. ಆಮೇಲೆ ಹಿಂದೆ ನೋಡದೆ ಹೇಳಿದಳು, "ನನ್ನ ಆ ಸಿಲಿಂಡರ್ ದಾರೀಲಿ ಕಳುಸ್ಬ್ಯಾಡ. ಅಷ್ಟೇಯ ನಾನ್ ಕೇಳದು."

"ಕಳಿಸಲ್ಲ ಅಕ್ಕ" ಎಂದೆ. ಹೇಗೆ ಎನ್ನುವುದು ನನಗೆ ಗೊತ್ತಿರಲಿಲ್ಲ.

ಎದುರುಮನೆಯವರ ಜೊತೆ ನಾನು ಮಾತು ಬಿಟ್ಟೆ. ಅಕ್ಕ ಬಿಡಲಿಲ್ಲ. ಉಪ್ಸಾರು ಮಾಡಿದ ದಿನ, ಹುರುಳಿಕಾಳು ಮೊಳಕೆ ಕಟ್ಟಿದ ದಿನ, ಒಂದು ಬಟ್ಟಲು ಎದುರುಮನೆಗೆ ಹೋಗಲೇಬೇಕು. ಅವರೂ ಖಾಲಿ ಬಟ್ಟಲು ವಾಪಸು ಕೊಡುವವರಲ್ಲ. ಎರಡು ಬಾಳೆಹಣ್ಣು, ಒಂದು ಹಿಡಿ ಕಡಲೆ, ಏನೂ ಇಲ್ಲದಿದ್ದರೆ ಹೊಂಗೆ ಮರದ ಪಕ್ಕದ ಗಿಡದಿಂದ ಕರಿಬೇವು. ಒಂದು ಸಲ ಅಕ್ಕ ಅಂಗಳದಲ್ಲಿ ಎಲ್ಲರೆದುರು ಅವರನ್ನು ಕೆಣಕಿದಳು. "ಯಜಮಾನ್ರೇ, ನಾನ್ ಓಗೋ ದಿನ ನೀವ್ ಕಣ್ ಮುಚ್ಕಂಡ್ ಕಾಫಿ ಕುಡ್ಕಳಿ." ಅವರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. "ನೀವು ನನಗಿಂತ ಮೊದಲು ಯಾಕೆ ಹೋಗ್ತೀರಿ ತಾಯಿ" ಎಂದರು.

ಮರುವರ್ಷದ ಸಂಕ್ರಾಂತಿ ಕಳೆದ ಮೇಲೆ ಅಕ್ಕ ಹಾಸಿಗೆ ಹಿಡಿದಳು. ನೋವೇನೂ ಇರಲಿಲ್ಲ, ಮೈ ಮಾತ್ರ ಬಡವಾಗುತ್ತ ಬಂತು. ಮಗ ಮಂಡ್ಯದ ಆಸ್ಪತ್ರೆಗೆ ಸೇರಿಸುತ್ತೇನೆ ಎಂದ, ಊರಿಗೆ ಕರೆದುಕೊಂಡು ಹೋಗುತ್ತೇನೆ ಎಂದ. ಅವಳು ಎರಡಕ್ಕೂ ಬೇಡ ಎಂದು ತಲೆಯಾಡಿಸಿದಳು. "ನಾನಿಲ್ಲಿ ಬಂದು ಒಲೆ ಅಚ್ಚಿದೀನಿ, ಬಾಗ್ಲಿಗೆ ನೀರ್ ಆಕಿದೀನಿ. ಇದೂ ನನ್ ಮನೇನೆ. ಮಣ್ಣಿಗೆ ಮಾತ್ರ ನಿಮ್ಮಪ್ಪನ ಪಕ್ಕಕ್ಕೆ ತಕ್ಕಂಡೋಗು." ಮಗ ಹೊರಗೆ ಹೋಗಿ ಮರದ ಕೆಳಗೆ ಕೂತು ಅತ್ತ. ನಾನೂ ಹೋಗಿ ಅವನ ಪಕ್ಕ ಕೂತೆ.

ಆ ದಿನಗಳಲ್ಲಿ ತಗ್ಗಿನ ಕಿಟಕಿ ಅವಳನ್ನು ಕಾಪಾಡಿತು. ತಲೆ ಎತ್ತದೆಯೇ ಎಲ್ಲವೂ ಕಾಣುತ್ತಿತ್ತು. ಪಕ್ಕದ ಗದ್ದೆಯಲ್ಲಿ ಕಬ್ಬು ಕಡಿಯುತ್ತಿದ್ದರು. ಇವತ್ತು ಇಷ್ಟು ಕಡಿದರು, ನಾಳೆ ಬದುವಿನವರೆಗೆ ಮುಗಿಸುತ್ತಾರೆ ಎಂದು ನನಗೆ ವರದಿ ಮಾಡುತ್ತಿದ್ದಳು. ಕೊಕ್ಕರೆಗಳು ಕಡ್ಡಿ ಕಚ್ಚಿಕೊಂಡು ಹಾರುವುದನ್ನು ತೋರಿಸುತ್ತಿದ್ದಳು. ಗಾಳಿ ತೂತುಗೋಡೆಯ ಸಂದುಗಳಿಂದ ಸೋಸಿಕೊಂಡು ಬಂದು ಹಾಸಿಗೆಯನ್ನು ಮುಟ್ಟುತ್ತಿತ್ತು. ಆ ಗೋಡೆ ಬದುಕಿರುವವರಿಗೆ ಒಳ್ಳೆಯದೇ ಮಾಡುತ್ತಿತ್ತು. ಅದನ್ನು ಅಕ್ಕನೇ ಒಪ್ಪಿಕೊಂಡಳು.

ಒಂದು ಬೆಳಿಗ್ಗೆ ನಾನು ಗಂಜಿ ಆರಿಸಿಕೊಂಡು ಕೋಣೆಗೆ ಹೋದೆ. ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು. ಕರೆದೆ. ಇನ್ನೊಂದು ಸಲ ಕರೆದೆ. ಉಸಿರು ಇನ್ನೂ ಒಂದು ಎಳೆ ಇತ್ತು. ಗಂಜಿ ಕೆಳಗಿಟ್ಟು, ಚಮಚದಲ್ಲಿ ನೀರು ತಂದು ತುಟಿಗೆ ಬಿಟ್ಟೆ. ಸ್ವಲ್ಪ ಒಳಗೆ ಹೋಯಿತು. ಆಮೇಲಿನದು ಹೋಗಲಿಲ್ಲ, ಕೆನ್ನೆಯ ಮೇಲೆ ಇಳಿಯಿತು. ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ನನ್ನ ತಲೆ ಬಾಚಿ ಶಾಲೆಗೆ ಕಳಿಸಿದವಳು, ನನ್ನ ಮದುವೆಯಲ್ಲಿ ಅವ್ವನ ಜಾಗದಲ್ಲಿ ನಿಂತವಳು. ಜೋರಾಗಿ ಅಳಬೇಕು ಎನಿಸಿತು, ಅತ್ತೆ.

ಅಳು ಕೇಳಿ ಸಾಹೇಬರೂ ಅವರ ಹೆಂಡತಿಯೂ ಓಡಿ ಬಂದರು. ಡಾಕ್ಟರು ಬಂದು ನೋಡಿದರು. ಕೆರಗೋಡಿಗೆ ಫೋನು ಹೋಯಿತು. ಮ್ಯಾನೇಜರು ಬಂದು ಕೈ ಮುಗಿದು ನಿಂತರು, ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು, "ಊಟದ ಹೊತ್ತಿಗೆ ವ್ಯಾನು ಹೇಳಿದೀನಿ ಟೀಚರಮ್ಮ. ಅಡುಗೆ ಗೇಟಿಗೆ."

"ಬೇಡ" ಎಂದೆ.

"ಮೀಟಿಂಗಲ್ಲಿ ಎಲ್ಲರೂ..."

"ನಮ್ಮಕ್ಕ ಮುಂಬಾಗಿಲಲ್ಲಿ ಹೋಗ್ತಾಳೆ. ಆಗದಿದ್ರೆ ಇಲ್ಲೇ ಇರ್ತಾಳೆ. ನಾನೂ ಇಲ್ಲೇ ಇರ್ತೀನಿ."

ಹೀಗೆ ಹೇಳಿ, ಹೋಗಿ ಹಿಂಬಾಗಿಲಿನ ಚಿಲಕ ಹಾಕಿ ಬಂದೆ. ಅಷ್ಟರಲ್ಲಿ ಮಗ ಬಂದ. ಊರಿನ ನೆಂಟರು ನಾಲ್ಕಾರು ಜನ ಜೀಪಿನಲ್ಲಿ ಬಂದರು. ತಾಯಿಯ ಮುಖ ನೋಡಿ, ಅತ್ತು, ಎದ್ದು ಬಂದು ಅವನು ತಿರುವಿನಲ್ಲಿ ನಿಂತ. ಮಂಚ ಬಿಚ್ಚಿದ ದಿನ ಅವನಿಗೂ ನೆನಪಿತ್ತು. "ಚಿಕ್ಕವ್ವ, ಎಂಗೆ ಮಾಡದು?" ಎಂದ.

ನಾನು ಮೈಸೂರಿನ ಹುಡುಗಿಗೆ ಫೋನು ಮಾಡಿದೆ. ವಿಷಯ ಹೇಳಿದೆ.  "ಸುಣ್ಣದ ಗಾರೆಯಲ್ಲಿ ಕಟ್ಟಿಸಿದ್ದು ಅಮ್ಮ, ಬಿಡಿಸಿದ್ರೆ ಬರುತ್ತೆ. ಮೇಲಿನ ಸಾಲಿಂದ ತೆಗೀರಿ. ತಳ್ಳಿ ಬೀಳಿಸಬೇಡಿ. ನಾನು ಹೇಳಿದೆ ಅಂತ ಹೇಳಿ" ಎಂದಳು. ಅವಳೂ ಅಳುತ್ತಿದ್ದಳು.

ಮ್ಯಾನೇಜರು ಸಂಕಟದಲ್ಲಿ ಅಂಗಳದ ಕಡೆ ನೋಡಿದರು. ಅಂಗಳದಲ್ಲಿ ಎಲ್ಲರೂ ನಿಂತಿದ್ದರು. ಎದುರುಮನೆಯ ಯಜಮಾನರು ಹೊಂಗೆ ಮರಕ್ಕೆ ಕೈ ಕೊಟ್ಟು ನಿಂತಿದ್ದರು. ಬೇಡ ಎಂದವರಲ್ಲಿ ಮೊದಲಿಗರು ಅವರೇ, ಈಗ ಎಲ್ಲರೂ ಅವರ ಮುಖವನ್ನೇ ನೋಡಿದರು. ನಾನು ಹಲ್ಲು ಕಚ್ಚಿ ಕಾದೆ. ಅವರು ಕುಂಟು ಮಂಡಿ ಎಳೆಯುತ್ತ ಗೋಡೆಯ ಹತ್ತಿರ ಬಂದರು. ಮೇಲಿನ ಸಾಲಿನ ಒಂದು ಇಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಅದು ಬರಲಿಲ್ಲ. ಇನ್ನೊಮ್ಮೆ ಅಲ್ಲಾಡಿಸಿದರು. ಆಮೇಲೆ ಅಕ್ಕನ ಮಗನ ಕಡೆ ತಿರುಗಿ, "ಜೀಪಲ್ಲಿ ಹಾರೆ ಇದ್ಯೇನಪ್ಪಾ?" ಎಂದರು.

ಹಾರೆ ಇತ್ತು. ಮಗ ಮೇಲಿನಿಂದ ಒಂದೊಂದೇ ಇಟ್ಟಿಗೆ ಬಿಡಿಸಿದ. ನೆಂಟರು ಕೈಯಿಂದ ಕೈಗೆ ದಾಟಿಸಿದರು. ಯಜಮಾನರು ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತು, ಬಂದ ಇಟ್ಟಿಗೆಯನ್ನು ಒಂದೂ ಒಡೆಯದ ಹಾಗೆ ಜೋಡಿಸಿಟ್ಟರು. ಪಂಚೆಯೆಲ್ಲ ಕೆಂಪು ಧೂಳು. ಸಾಹೇಬರು ಕಮಾನಿಗೆ ಒಂದು ಮರದ ಕಂಬ ಕೊಟ್ಟು ಬೀಳದ ಹಾಗೆ ನಿಲ್ಲಿಸಿದರು. ಊಟದ ಗಂಟೆ ಹೊಡೆಯಿತು. ಯಾರೂ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಗಂಟೆ ಹೊಡೆದ ಅಡುಗೆಯವಳೇ ಸೆರಗು ಸಿಕ್ಕಿಸಿಕೊಂಡು ಬಂದು ಇಟ್ಟಿಗೆ ಹಿಡಿಯಲು ನಿಂತಳು.

ಗೋಡೆ ನೆಲಕ್ಕೆ ಬಂದಾಗ ಬಾಗಿಲಿನಿಂದ ಅಂಗಳ ನೇರವಾಗಿ ಕಂಡಿತು. ನಾನು ಆ ಮನೆಯಲ್ಲಿ ಅಷ್ಟು ದಿನ ಇದ್ದು ಹೊಸಿಲ ಮೇಲೆ ನಿಂತು ಹೊಂಗೆ ಮರವನ್ನು ಇಡಿಯಾಗಿ ನೋಡಿದ್ದು ಅದೇ ಮೊದಲು.

ಮಂಚವನ್ನು ಬಿಚ್ಚಲಿಲ್ಲ. ನಾಲ್ಕು ಕಡೆ ಜನ ಹಿಡಿದು, ಅಕ್ಕ ಮಲಗಿದ್ದ ಹಾಗೆಯೇ ಎತ್ತಿದರು. ಒಂದು ಮೂಲೆ ಅವಳ ಮಗನದು, ಒಂದು ಸಾಹೇಬರದು. ಹೊಸಿಲು ದಾಟಿ, ಅವಳೇ ಬಿಟ್ಟ ಹಿಂದಿನ ದಿನಗಳ ರಂಗೋಲಿಯ ಕಲೆಯ ಮೇಲೆ ಹಾದು, ಎಲ್ಲೂ ತಿರುಗದೆ, ಎಲ್ಲೂ ತಾಗದೆ ಮಂಚ ಅಂಗಳಕ್ಕೆ ಬಂತು. ಮರದ ಕೆಳಗೆ ಇಳಿಸಿದರು. ಅಂಗಳದವರೆಲ್ಲ ಬಂದು ನೋಡಿದರು. ಪಕ್ಕದ ಅಂಗಳದವರು ಬಂದರು. ಕಬ್ಬು ಕಡಿಯುತ್ತಿದ್ದ ಹೆಂಗಸರು ತಲೆಯ ವಸ್ತ್ರ ಬಿಚ್ಚಿ ಬಂದರು. ಮೈ ತೊಳೆಸಿ, ಹೂವು ಹಾಕಿ, ಚಟ್ಟ ಕಟ್ಟಿ, ದೊಡ್ಡ ಗೇಟನ್ನು ಎರಡೂ ಕಡೆ ಪೂರಾ ತೆಗೆಸಿ ಅವಳನ್ನು ಕಳಿಸಿದೆವು. ಗೇಟು ತೆಗೆದವರು ಮ್ಯಾನೇಜರೇ.

ಹೊರಡುವ ಮುಂಚೆ ನಾನು ಕೋಣೆಯಲ್ಲಿ ಅವಳ ತಲೆ ಇದ್ದ ಜಾಗದಲ್ಲಿ, ಬರೀ ನೆಲದ ಮೇಲೆ, ಗೂಡಿನ ಹಣತೆ ತಂದು ಹಚ್ಚಿಟ್ಟೆ. ಮಂಡಿ ನೋವಿನ ಯಜಮಾನರು ಊರಿಗೆ ಬರುವಂತಿರಲಿಲ್ಲ. "ದೀಪ ನಾನು ನೋಡ್ಕತೀನಿ, ನೀವು ಹೋಗಿ" ಎಂದರು. ಎಷ್ಟೋ ತಿಂಗಳ ಮೇಲೆ ಅವರು ನನ್ನ ಜೊತೆ ಆಡಿದ ಮಾತು ಅದು. ನಾನು ಬರೀ ತಲೆಯಾಡಿಸಿದೆ.

ಕೆರಗೋಡಿನಲ್ಲಿ ಭಾವನ ಪಕ್ಕದಲ್ಲಿ, ಗದ್ದೆಯ ಬದುವಿನಲ್ಲಿ, ಅಕ್ಕನನ್ನು ಮಣ್ಣು ಮಾಡಿದರು. ಮಗನ ಮನೆಯಲ್ಲೂ ದೀಪ ಹಚ್ಚಿದ್ದರು. ನೆಂಟರೆಲ್ಲ ಅದನ್ನು ನೋಡಿ ಒಬ್ಬೊಬ್ಬರಾಗಿ ಎದ್ದು ಹೋದರು. "ಇಲ್ಲೇ ಇದ್ಬುಡು ಚಿಕ್ಕವ್ವ" ಎಂದ ಮಗ. "ಅಲ್ಲಿದು ನೋಡ್ಬೇಕಪ್ಪ" ಎಂದೆ. ಅವನು ಜೀಪಿನ ಕೀ ತೆಗೆದುಕೊಂಡ. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ, ಗಾಳಿ. ಗೋಡೆ ಇಲ್ಲ, ಬಾಗಿಲು ತೆರೆದಿದೆ, ದೀಪ ಇನ್ನೂ ಇರುತ್ತದೆಯೋ ಇಲ್ಲವೋ.

ಹೊತ್ತು ಮುಳುಗುವಾಗ ಬಂದು ಇಳಿದೆವು. ಅಂಗಳಕ್ಕೆ ಕಾಲಿಡುತ್ತಲೇ ದೀಪ ಕಾಣಿಸಿತು. ತೂತುಗೋಡೆ ಇದ್ದಿದ್ದರೆ ಕಾಣುತ್ತಿರಲಿಲ್ಲ. ತೆರೆದ ಬಾಗಿಲಿನ ಒಳಗೆ, ನಡುಮನೆಯಾಚೆ, ಕೋಣೆಯ ನೆಲದ ಮೇಲೆ ನೇರವಾಗಿ ಉರಿಯುತ್ತಿತ್ತು. ಯಜಮಾನರು ಬಾಗಿಲಿನ ಕಡೆಗೆ ಬೆನ್ನು ಮಾಡಿ, ಗಾಳಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಿದ್ದರು. ಬೆಳಗಿನ ಅದೇ ಕೆಂಪು ಧೂಳಿನ ಪಂಚೆ. ಮಧ್ಯಾಹ್ನದಿಂದ ಎದ್ದಿರಲಿಲ್ಲ ಎಂದು ಸಾಹೇಬರ ಹೆಂಡತಿ ಹೇಳಿದರು.

ನಾವು ದೀಪ ನೋಡಿ ಕೂತೆವು. ನಮ್ಮ ಹಿಂದೆ ಒಬ್ಬೊಬ್ಬರೇ ಬಂದರು. ಸಾಹೇಬರು ಬಂದರು, ಅಡುಗೆಯವಳು ಬಂದಳು, ಮೀಟಿಂಗಿನಲ್ಲಿ ಬೇಡ ಎಂದು ತಲೆಯಾಡಿಸಿದವರೆಲ್ಲ ಬಂದರು. ದೀಪವನ್ನು ನೋಡುವುದು, ಒಂದು ಗಳಿಗೆ ನಿಲ್ಲುವುದು, ಏನೂ ಹೇಳದೆ ಹೋಗುವುದು. ಹೋಗುವುದಾದರೂ ಎಲ್ಲಿಗೆ, ಅಂಗಳದ ಆಚೆ ಬದಿಗೆ. ಊರಿನಲ್ಲಿ ಹೇಗೋ ಇಲ್ಲೂ ಹಾಗೆಯೇ ನಡೆಯಿತು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಕೊನೆಗೆ ಯಜಮಾನರೊಬ್ಬರೇ ಉಳಿದರು. ದೀಪದ ಮೇಲಿನ ಕಣ್ಣು ತೆಗೆಯದೆ ಮಾತಾಡಿದರು. "ನಮ್ಮನೆಯವಳು ಆಸ್ಪತ್ರೇಲಿ ಹೋದ್ಲು ಟೀಚರಮ್ಮ. ಅಲ್ಲಿಂದ ಹಂಗೇ ಸುಡೋ ಜಾಗಕ್ಕೆ ತಗೊಂ‍ಡು ಹೋದ್ವಿ. ಬಾಡಿಗೆ ಮನೆ, ಓನರು ಬೇಡ ಅಂದ್ರು, ನಾನೂ ಸರಿ ಅಂದೆ. ಎಲ್ಲೂ ದೀಪ ಹಚ್ಚಲೇ ಇಲ್ಲ. ಮನೆಗೆ ಬಂದು ಲೈಟ್ ಹಾಕ್ದೆ."

 ಅವರ ಮೇಲೆ ಅಷ್ಟು ದಿನ ಇಟ್ಟುಕೊಂಡಿದ್ದ ಸಿಟ್ಟು ಎಲ್ಲಿಗೆ ಹೋಯಿತೋ. ಬತ್ತಿ ಸ್ವಲ್ಪ ಮುಂದಕ್ಕೆ ಎಳೆದು ಎಣ್ಣೆ ಬಿಟ್ಟೆ.

ಅವರು ಕುರ್ಚಿಯ ಕೈ ಹಿಡಿದು ಎದ್ದರು. ಬಾಗಿಲಲ್ಲಿ ನಿಂತು, ಗೋಡೆ ಇದ್ದ ಜಾಗದ ಸುಣ್ಣದ ಗೆರೆಯನ್ನು ನೋಡಿದರು. "ಆ ಹುಡುಗಿ ಬಂದಾಗ ಹೇಳಿ. ಇದನ್ನ ತಿರುಗಾ ಕಟ್ಟೋದು ಬೇಡ. ನಮ್ಮನೇದೂ ತೆಗೆಸಿಬಿಡಲಿ."

ಹೋಗಿ ಬರ್ತೀನಿ ಎನ್ನಲಿಲ್ಲ. ಅಂಗಳ ದಾಟಿ ನಡೆದರು. ಅವರ ಮನೆಯ ತೂತುಗೋಡೆ ಇನ್ನೂ ನಿಂತಿತ್ತು. ಅದರ ಹಿಂದೆ ತಿರುಗಿದಾಗ ಇಟ್ಟಿಗೆಯ ಸಂದುಗಳಲ್ಲಿ ಪಂಚೆ ಒಂದಿಷ್ಟು ಕಂಡು, ಆಮೇಲೆ ಕಾಣಲಿಲ್ಲ. ಅವರ ಬಾಗಿಲು ತೆರೆದ ಸದ್ದು ಕೇಳಿಸಿತು. ಮುಚ್ಚಿದ ಸದ್ದು ಕೇಳಿಸಲಿಲ್ಲ.